ಐವತ್ತೊಂದನೆಯ ಕಾರ್ಡು

"ಬಾಯಿ ತೆಗಿ ಮಾವ. ಭಾಷಣ ಆಮೇಲೆ ಮಾಡುವೆಯಂತೆ."

ಮಾವ ಬಾಯಿ ತೆರೆದದ್ದೇನೋ ನಿಜ, ಆದರೆ ಬೈಯುವುದಕ್ಕೆ. ಅಕ್ಕನ ಮಗಳು ಅದಕ್ಕೇ ಕಾದಿದ್ದವಳಂತೆ, ಗುಲಾಬಿ ಮುದ್ದೆ ತುಂಬಿದ ತಗಡಿನ ಅಚ್ಚನ್ನು ಮೇಲಿನ ವಸಡಿಗೆ ಒತ್ತಿ ಎರಡು ಬೆರಳಿಂದ ಅದುಮಿ ಹಿಡಿದಳು. ಬೈಗುಳ ಅಚ್ಚಿನ ಹಿಂದೆಯೇ ಉಳಿಯಿತು.

"ನಾಲ್ಕು ನಿಮಿಷ. ಅಲ್ಲಾಡಿದ್ರೆ ಮತ್ತೆ ಮೊದಲಿಂದ. ಮೂಗಲ್ಲಿ ಉಸಿರಾಡು. ಈಗ ನಾನು ಮಾತಾಡ್ತೀನಿ, ನೀನು ಕೇಳ್ತೀಯ. ನಮ್ಮಿಬ್ಬರ ಜನ್ಮದಲ್ಲಿ ಇದೇ ಮೊದಲು, ಅಲ್ವಾ?"

ಮಾವ ಕಣ್ಣಲ್ಲೇ ಗದರಿದರು. ಹಲ್ಲಿಲ್ಲದವರ ಗದರಿಕೆಗೆ ಯಾರು ಹೆದರುತ್ತಾರೆ? ಅವಳು ನಕ್ಕಳು.

ಊರಿಗೆಲ್ಲ ಅವರು ಕಂಡಕ್ಟರ್ ಮಾವ. ಹದಿನೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟು, ಅಲ್ಲಿಂದ ಕಾರ್ಮಿಕರ ಸಂಘಕ್ಕೆ, ಸಂಘದಿಂದ ಪಕ್ಷಕ್ಕೆ, ಪಕ್ಷದಿಂದ ಶಾಸನಸಭೆಗೆ ಹತ್ತಿದವರು. ಈಗ ಪಕ್ಷದ ಸಚೇತಕ. ಅಂದರೆ, ಮತ ಹಾಕುವ ದಿನ ತಮ್ಮ ಕಡೆಯವರನ್ನು ಎಣಿಸಿ, ಹುಡುಕಿ, ಪುಸಲಾಯಿಸಿ, ಬೇಕಾದರೆ ಜ್ವರದ ಹಾಸಿಗೆಯಿಂದ ಎಬ್ಬಿಸಿ ತಂದು ಸಭೆಯಲ್ಲಿ ಕೂರಿಸುವ ಕೆಲಸ. "ಇದೂ ಕಂಡಕ್ಟರಿಕೆನೇ, ಸೀಟು ಮಾತ್ರ ಸ್ವಲ್ಪ ಮೆತ್ತಗೆ" ಎನ್ನುತ್ತಿದ್ದರು.

ಹಳೆಯ ಕೆಲಸದ್ದು ಅವರ ಬಳಿ ಉಳಿದದ್ದು ಒಂದೇ ವಸ್ತು: ಟಿಕೆಟಿಗೆ ತೂತು ಹಾಕುವ ಉಕ್ಕಿನ ಪಂಚು. ದೊಡ್ಡ ಮತದಾನ ಬಂತೆಂದರೆ ಪ್ರತಿಯೊಬ್ಬ ಸದಸ್ಯರ ಹೆಸರಿಗೂ ಒಂದು ರಟ್ಟಿನ ಕಾರ್ಡು. ಮಾತು ಕೊಟ್ಟವರ ಕಾರ್ಡಿಗೆ ಅವರ ಕಣ್ಣೆದುರೇ 'ಕಟಕ್' ಎಂದು ಒಂದು ತೂತು. ಹೀಗೆ ತೂತು ಬಿದ್ದ ಮೇಲೆ ಮಾತು ತಪ್ಪಿದವರು ಇಷ್ಟು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಒಬ್ಬ ಮಹರಾಯ ಹೆಂಡತಿಯ ಹೆರಿಗೆಯ ಕೋಣೆಯ ಬಾಗಿಲಿಂದ ಓಡಿ ಬಂದು, 'ಹೌದು' ಎಂದು ಕೂಗಿ, ಮತ್ತೆ ಓಡಿಹೋಗಿದ್ದ. ಮಗುವಿಗಿಂತ ಮೊದಲು ಕಾಯಿದೆ ಹುಟ್ಟಿತು.

ನಾಳೆ ಹನ್ನೊಂದು ಗಂಟೆಗೆ ಆರೋಗ್ಯ ಮಸೂದೆ. ಯಾರಿಗೇ ಕಾಯಿಲೆಯಾದರೂ ಚಿಕಿತ್ಸೆ ಸರ್ಕಾರದ್ದು ಎನ್ನುವ ಮಸೂದೆ. ನೂರೊಂದು ಜನರ ಸಭೆಯಲ್ಲಿ ಇವರ ಕಡೆ ಸರಿಯಾಗಿ ಐವತ್ತೊಂದು. ಒಬ್ಬರು ಜಾರಿದರೂ ಎಲ್ಲ ನೀರುಪಾಲು. ಮಾವನ ಕೋಟಿನ ಬಲಜೇಬಿನಲ್ಲಿ ಈಗ ನಲವತ್ತೊಂಬತ್ತು ಕಾರ್ಡು ತೂತಾಗಿ ಕೂತಿದ್ದವು. ಉಳಿದದ್ದು ಎರಡು. ಒಂದು ಅವರದೇ, ಅದನ್ನು ಅವರು ಯಾವಾಗಲೂ ಕಡೆಗೆ, ಶಾಸ್ತ್ರಕ್ಕೆ ಎಂಬಂತೆ ತೂತು ಹಾಕಿಕೊಳ್ಳುವುದು. ಇನ್ನೊಂದು, ಈಗ ಅವರ ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಿರುವವಳದು.

ಅವಳು ನಲವತ್ತು ದಾಟಿದ ಹೆಂಗಸು. ಹಲ್ಲಿನ ಸೆಟ್ಟು ಮಾಡುವುದು ಕಸುಬು, ಹಾಗಾಗಿ ಊರಿನವರಿಗೆ ಹಲ್ಲಕ್ಕ. ಮಾವನಿಗೆ ಮಾತ್ರ ಇವತ್ತಿಗೂ ಪುಟ್ಟಿ. ಬೆಳಿಗ್ಗೆ ಶಾಸನಸಭೆ, ಮಧ್ಯಾಹ್ನದ ಮೇಲೆ ಈ ಕಾರ್ಯಾಗಾರ. ಸಭೆಯ ಕಟ್ಟಡದಲ್ಲಿ ಮಾವನಿಗೆ 'ನೀವು' ಅನ್ನುತ್ತಾಳೆ, ಹೊಸ್ತಿಲು ದಾಟಿದೊಡನೆ 'ನೀನು'.

"ಮಸೂದೆಯಲ್ಲಿ ಹೃದಯ ಇದೆ, ಮೂತ್ರಪಿಂಡ ಇದೆ," ಪುಟ್ಟಿ ಬೆರಳು ಕದಲಿಸದೆ ಶುರು ಮಾಡಿದಳು. "ಕಾಲಿನ ಹೆಬ್ಬೆರಳಿನ ಉಗುರೂ ಇದೆ ಮಾವ, ಮೂರನೇ ಪಟ್ಟಿ ಓದು. ಉಗುರು ಒಳಗೆ ಬೆಳೆದ್ರೆ ಸರ್ಕಾರ ತೆಗೆಸಿಕೊಡುತ್ತೆ. ಆದ್ರೆ ಕೊನೇ ಸಾಲು? 'ಹಲ್ಲು, ವಸಡು ಮತ್ತು ದವಡೆಗೆ ಸಂಬಂಧಿಸಿದ ಯಾವುದೇ ಚಿಕಿತ್ಸೆಯನ್ನು ಹೊರತುಪಡಿಸಿ.' ತುಟಿ ತನಕ ಮನುಷ್ಯ, ಗಂಟಲಿಂದ ಕೆಳಗೆ ಮನುಷ್ಯ. ಮಧ್ಯ ಇರೋದು ಯಾರದು? ಬಾಡಿಗೆಗೆ ತಂದಿದ್ದಾ?"

"ಊಂ," ಎಂದರು ಮಾವ.

"ಊಂ ಅನ್ನಬೇಡ, ಅಚ್ಚು ಕೆಡುತ್ತೆ. ಇವತ್ತು ಬೆಳಿಗ್ಗೆ ಪಕ್ಷದ ಸಭೆಯಲ್ಲಿ ಆರೋಗ್ಯ ಸಚಿವರು ಏನಂದ್ರು? ಹಲ್ಲು ಅಲಂಕಾರದ ಬಾಬತ್ತು! ಅವರ ಬಾಯಲ್ಲಿ ಮೂವತ್ತೆರಡೂ ಇದೆ, ಅನ್ನೋಕೆ ಏನು ಖರ್ಚು? ನಾನು ಎದ್ದು ನಿಂತು, ನನ್ನ ಮತಾನೂ ಅಲಂಕಾರ ಅಂದ್ಕೊಳ್ಳಿ ಅಂತ ಹೇಳಿ ಆಚೆ ಬಂದೆ. ತಪ್ಪಾ? ಚುನಾವಣೆಗೆ ನನ್ನ ಪೋಸ್ಟರಿನ ಮೇಲೆ 'ಪ್ರತಿ ಬಾಯಿಗೂ ಹಲ್ಲು' ಅಂತ ಬರೆಸಿದ್ದು ಯಾರು? ನೀನೇ ಅಲ್ವಾ? ದೊಡ್ಡ ಅಕ್ಷರದಲ್ಲಿ ಬರಿ ಅಂತ ಪೇಂಟರ್ ಹತ್ರ ಜಗಳ ಬೇರೆ ಆಡಿದ್ದೆ."

ಮಾವ ಸೂರು ನೋಡಿದರು. ಅವಳು ಹಾಗೆ ಎದ್ದು ಹೋದ ಮೇಲೆ ಅವರು ಸಭೆಯ ಕಟ್ಟಡದ ಬಚ್ಚಲಿಗೆ ಹೋಗಿದ್ದರು. ಬಾಯಿ ಮುಕ್ಕಳಿಸೋಣ ಎಂದು ಮೇಲಿನ ಸೆಟ್ಟು ಕೈಗೆ ತೆಗೆದುಕೊಂಡಿದ್ದರು. ಅದು ಜಾರಿತು. ಕಲ್ಲಿನ ತೊಟ್ಟಿಗೆ ಬಿದ್ದ ಸೆಟ್ಟು ನಡುವಿಗೆ ಸೀಳಿ ಎರಡಾಯಿತು. ಪಕ್ಷವೂ ಹೀಗೇ ಆಗುತ್ತದೇನೋ ಎಂದು ಒಂದು ಗಳಿಗೆ ಹೆದರಿಕೆಯಾಗಿ, ಎರಡು ಹೋಳನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ನೇರ ಇಲ್ಲಿಗೆ ಬಂದಿದ್ದರು. ನಾಳೆ ಚರ್ಚೆಗೆ ಕೊನೆಯ ಮಾತು ಹೇಳುವವರು ಅವರೇ. ಊರಿನಲ್ಲಿ ಸೆಟ್ಟು ಮಾಡುವವರು ಇನ್ನೂ ಇಬ್ಬರಿದ್ದರು. ಆದರೆ ತನ್ನ ಬಾಯಿಯ ಒಳಗನ್ನು ಈ ವಯಸ್ಸಿನಲ್ಲಿ ಹೊಸಬರಿಗೆ ತೋರಿಸುವುದುಂಟೇ?

ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಕೋಟಿನ ಎಡಜೇಬಿನಲ್ಲಿತ್ತು. ಪಕ್ಷದ ನಿಯಮದ ಪ್ರಕಾರ, ತಮ್ಮ ಮಸೂದೆಯ ವಿರುದ್ಧ ಮತ ಹಾಕಿದವರನ್ನು ಅದೇ ಸಂಜೆ ಪಕ್ಷದಿಂದ ತೆಗೆಯಬೇಕು. ಪತ್ರಕ್ಕೆ ಸಹಿ ಸಚೇತಕರದು. ಕಚೇರಿಯ ಗುಮಾಸ್ತೆ ಮುಂದಾಲೋಚನೆಯಿಂದ ಆ ಪತ್ರವನ್ನು ಆಗಲೇ ಬೆರಳಚ್ಚು ಮಾಡಿ, ಹೆಸರಿನ ಜಾಗ ಖಾಲಿ ಬಿಟ್ಟು, ಅವರ ಕೈಗಿಟ್ಟಿದ್ದರು. "ನೀವೇ ತುಂಬಿಕೊಳ್ಳಿ ಸಾರ್, ನನ್ನ ಕೈಯಲ್ಲಿ ಬೇಡ" ಎಂದಿದ್ದರು ಪಾಪ.

ಅಚ್ಚು ಹೊರಗೆ ಬಂತು. ಪುಟ್ಟಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ವಸಡು ಸವೆದಿದೆ ಮಾವ. ಕೂಗೋದು ಕಮ್ಮಿ ಮಾಡು" ಎಂದಳು.

ಮಾವ ತುಟಿ ಒರೆಸಿಕೊಂಡರು. ಹಲ್ಲಿಲ್ಲದ ಬಾಯಲ್ಲಿ ಗಾಳಿ ಜಾಸ್ತಿ, ಮಾತು ಕಡಿಮೆ. ಆದರೂ ಬಿಡಲಿಲ್ಲ. "ಪುಟ್ಟೀ, ಇದು ಹತ್ತು ವರ್ಷಕ್ಕೊಂದು ಸಲ ಬರೋ ಬಸ್ಸು ಕಣೇ. ಕಳೆದ ಸಲ ನಾವು ಜಗಳ ಆಡ್ತಾ ಆಡ್ತಾ ಬಿಟ್ಟುಬಿಟ್ವಿ. ನಿನ್ನ ಸ್ಟಾಪಿನಲ್ಲಿ ನಿಲ್ಲಲ್ಲ ಅಂತ ಟೈರಿಗೇ ಮೊಳೆ ಹೊಡೀತೀಯಾ?"

"ನಿಲ್ಲಲ್ಲ ಅಷ್ಟೇ ಆಗಿದ್ರೆ ಬೇರೆ ಮಾತು. ನಿಲ್ಲಿಸಲೇಬಾರದು ಅಂತ ಬೋರ್ಡು ಹಾಕಿದೀರಲ್ಲ!"

"ಒಳಗೆ ಎಷ್ಟು ಬೇಕಾದ್ರೂ ಕಿತ್ತಾಡು. ಹೊರಗೆ ಹೋಗುವಾಗ ಒಂದೇ ಬಾಗಿಲಲ್ಲಿ ಹೋಗಬೇಕು. ನಾನು ನಿನಗೆ ಕಲಿಸಿದ್ದು ಇಷ್ಟೇ."

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾನೂ ನೀನೇ ಕಲಿಸಿದ್ದು. ಈಗ ಕಡಲೆ ಮೂಟೆ ತಂದು ಸುರೀತಿದೀರ. ಅಗಿಯೋಕೆ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಲಾಂಡ್ರಿ ಅಕ್ಕ ಬಂದಳು. ಆಸ್ಪತ್ರೆಯ ಹಾಸು ಹೊದಿಕೆ ಒಗೆಯುವ ಕೆಲಸ. ಬಿಸಿನೀರಿಗೆ ಸುಕ್ಕಾದ ಬೆರಳು, ಮೈಯೆಲ್ಲ ಸೋಪಿನ ವಾಸನೆ. ಮಾತಾಡುವಾಗ ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಳ್ಳುವುದು ಅವಳಿಗೆ ರೂಢಿ. ಒಳಗೆ ಬಂದವಳು ನೇರ ಗೋಡೆಯ ಹಲಗೆಯ ಹತ್ತಿರ ಹೋದಳು.

ಆ ಹಲಗೆಯ ಮೇಲೆ ಇಪ್ಪತ್ತೆಂಟು ಗಾಜಿನ ಬಟ್ಟಲುಗಳು. ಪ್ರತಿಯೊಂದರಲ್ಲೂ ತಣ್ಣೀರು, ನೀರಿನಲ್ಲಿ ಒಂದೊಂದು ಮೇಣದ ಸೆಟ್ಟು. ಸೆಟ್ಟು ಮಾಡುವವರ ಪದ್ಧತಿ ಇದು: ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡಬೇಕು, ಸರಿಹೋದರೆ ಮೇಣ ಕರಗಿಸಿ ಗಟ್ಟಿ ಸೆಟ್ಟು ಎರಕ ಹೊಯ್ಯಬೇಕು. ಗಟ್ಟಿ ಸೆಟ್ಟಿಗೆ ಶಕ್ತಿ ಇಲ್ಲದವರದು ಮೇಣದಲ್ಲೇ ನಿಂತಿತ್ತು. ಸೆಕೆಗೆ ಮೇಣ ಸೊಟ್ಟಗಾಗದಂತೆ ಪುಟ್ಟಿ ದಿನಾ ಇಪ್ಪತ್ತೆಂಟು ಬಟ್ಟಲಿನ ನೀರು ಬದಲಾಯಿಸುತ್ತಿದ್ದಳು.

ಲಾಂಡ್ರಿ ಅಕ್ಕ ಏಳನೆಯ ಬಟ್ಟಲಿನಿಂದ ತನ್ನ ಸೆಟ್ಟು ತೆಗೆದು, ಹಗುರಾಗಿ ಬಾಯಲ್ಲಿಟ್ಟುಕೊಂಡು, ಕನ್ನಡಿಯ ಮುಂದೆ ನಿಂತಳು. ಅಂಗೈ ಕೆಳಗಿಳಿಯಿತು. ಹಲ್ಲೆಲ್ಲ ಕಾಣುವಂತೆ ಒಮ್ಮೆ ನಕ್ಕಳು. ಮತ್ತೆ ತೆಗೆದು ನೀರಿಗೆ ಹಾಕಿದಳು. ಅಂಗೈ ಮತ್ತೆ ಬಾಯಿಗೆ ಏರಿತು.

"ವಾರಕ್ಕೊಂದು ಸಲ ಬರ್ತೀನಿ," ಎಂದಳು ಮಾವನ ಕಡೆ ತಿರುಗಿ. "ನನ್ನ ಮುಖ ಮರೆತುಹೋಗುತ್ತೆ ನೋಡಿ. ಅಯ್ಯೋ, ಕಂಡಕ್ಟರ್ ಸಾಹೇಬ್ರು ಅಲ್ವಾ? ಗುರುತೇ ಸಿಗಲಿಲ್ಲ. ಏನು, ನಿಮ್ಮ ಬಾಯೂ ನಮ್ಮ ಪಕ್ಷಕ್ಕೆ ಸೇರ್ಕೊಳ್ತಾ?"

ಮಾವ ತಮಗೇ ಗೊತ್ತಿಲ್ಲದಂತೆ ಅಂಗೈಯನ್ನು ಬಾಯಿಗೆ ಅಡ್ಡ ತಂದಿದ್ದರು. ಅದನ್ನು ಕಂಡು ಅವಳು ನಕ್ಕಳು, ಪುಟ್ಟಿ ನಕ್ಕಳು, ಕಡೆಗೆ ಅವರೂ ನಕ್ಕರು.

"ಹಲ್ಲಿಲ್ದೆ ಎಷ್ಟು ಹೊತ್ತಾಯ್ತು?" ಕೇಳಿದಳು ಲಾಂಡ್ರಿ ಅಕ್ಕ.

"ಬೆಳಿಗ್ಗೆಯಿಂದ. ಮೂರು ಗಂಟೆ ಆಯ್ತು."

"ಮೂರು ಗಂಟೆಗೇ ಕೈ ಮೇಲೆ ಹೋಯ್ತು ನೋಡಿ. ನಂದು ಹನ್ನೊಂದು ವರ್ಷ. ರೂಢಿಯಾಗುತ್ತೆ ಬಿಡಿ. ಫೋನಲ್ಲಿ ಮಾತಾಡುವಾಗಲೂ ಅಡ್ಡ ಇಟ್ಕೋತೀನಿ ಅಂತ ನಮ್ಮೆಜಮಾನ್ರು ಆಡ್ಕೋತಾರೆ."

ಯಜಮಾನರ ಮಾತು ಬಂದದ್ದೇ ಅವಳು ಪುಟ್ಟಿಯ ಮೇಜಿಗೆ ಒರಗಿ ನಿಂತಳು. ದನಿ ಇಳಿಯಿತು. "ಅಕ್ಕಾ, ನೀನು ನಾಳೆ 'ಇಲ್ಲ' ಅಂತೀಯಂತೆ. ಲಾಂಡ್ರಿ ತುಂಬ ಅದೇ ಮಾತು. ನಮ್ಮ ಹುಡುಗೀರೆಲ್ಲ ಭಲೇ ಅಂತಿದಾರೆ. ನಾನೂ ಅಂದೆ. ಆಮೇಲೆ ಮನೆಗೆ ಹೋದೆ. ಅವರು ಮಲಗಿದ್ರು. ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಬೇಕು, ನಾವು ಒಂದೇ ಸಲ ಮಾಡಿಸ್ತಾ ಇರೋದು. ಕಾಲು ಊದಿಕೊಂಡು ಚಪ್ಪಲಿ ಹೋಗಲ್ಲ. ಮಸೂದೆ ಆದ್ರೆ ಮೂರೂ ಸಲ ಆಗುತ್ತಂತೆ, ಹೌದಾ?"

ಪುಟ್ಟಿಯ ಕೈಯಲ್ಲಿ ಮಾವನ ಸೆಟ್ಟಿನ ಎರಡು ಹೋಳುಗಳಿದ್ದವು, ಜೋಡಿಸಿ ಹಿಡಿದಿದ್ದಳು.

"ಹೌದಮ್ಮ," ಎಂದರು ಮಾವ.

"ಹಾಗಿದ್ರೆ ನನ್ನ ಹಲ್ಲಿಗೋಸ್ಕರ ಅವರ ರಕ್ತ ನಿಲ್ಲಿಸಬೇಡ ಅಕ್ಕ. ನಾನು ಕೈ ಅಡ್ಡ ಇಟ್ಕೊಂಡೇ ನಗ್ತೀನಿ. ಅವರು ಇದ್ರೆ ತಾನೇ ನನ್ನ ಜೊತೆ ನಗೋಕೆ ಯಾರಾದ್ರೂ ಇರೋದು." ಅಷ್ಟು ಹೇಳಿ, ತಾನು ದೊಡ್ಡ ಮಾತಾಡಿಬಿಟ್ಟೆನೇನೋ ಎಂಬಂತೆ ಗಡಿಬಿಡಿಯಲ್ಲಿ, "ಷಿಫ್ಟ್ ಇದೆ, ಬರ್ತೀನಿ. ಏಳನೇ ಬಟ್ಟಲಿಗೆ ನೀರು ಕಮ್ಮಿ ಆಗಿದೆ ನೋಡು" ಎಂದು ಹೊರಟೇಹೋದಳು.

ಪುಟ್ಟಿ ಹೋಳುಗಳನ್ನು ಅಂಟುಮೇಣದಿಂದ ಕೂಡಿಸಿದಳು, ಅಚ್ಚಿಗೆ ಪ್ಲಾಸ್ಟರು ಸುರಿದು ತೆಗೆದ ವಸಡಿನ ಪ್ರತಿಯ ಮೇಲೆ ಕೂರಿಸಿದಳು, ಬಿರುಕಿನ ಅಂಚು ಉಜ್ಜಿದಳು, ಗುಲಾಬಿ ಪುಡಿಯನ್ನೂ ಘಾಟು ವಾಸನೆಯ ದ್ರವವನ್ನೂ ಕುಂಚದಿಂದ ತುಂಬಿದಳು. ಮಾವ ನೋಡುತ್ತಾ ಕೂತರು. ಇವಳು ಆರು ವರ್ಷದವಳಿದ್ದಾಗ ಶಾಲೆ ಬಿಟ್ಟ ಮೇಲೆ ತಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಬರೆಯುತ್ತಿದ್ದದ್ದು ನೆನಪಾಯಿತು. ತಾಯಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಟಿಕೆಟಿನಿಂದ ಉದುರಿದ ಚುಕ್ಕಿ ಕಾಗದಗಳನ್ನು ಆಯ್ದು, ಎಂಜಲು ಹಚ್ಚಿ ಹತ್ತು ಉಗುರಿಗೂ ಅಂಟಿಸಿಕೊಂಡು, "ಮಾವ, ನಾನು ರಾಣಿ" ಎನ್ನುತ್ತಿದ್ದಳು.

ಯಂತ್ರಕ್ಕೆ ಹಿಡಿದು ಹೊಳಪು ಕೊಟ್ಟ ಸೆಟ್ಟನ್ನು ತೊಳೆದು ಪುಟ್ಟಿ ಅವರ ಕೈಗಿಟ್ಟಳು. ಮಾವ ಹಾಕಿಕೊಂಡು ಎರಡು ಸಲ ಕಚ್ಚಿ ನೋಡಿದರು. ಹೊಸದಕ್ಕಿಂತ ಚೆನ್ನಾಗಿ ಕೂತಿತ್ತು.

"ಬೇಕಂತಲೇ ಸ್ವಲ್ಪ ಸೊಟ್ಟ ಮಾಡಿಬಿಡ್ತೀಯೇನೋ ಅಂದ್ಕೊಂಡಿದ್ದೆ," ಎಂದರು.

"ಅನ್ನಿಸ್ತು. ಕೈ ಕೇಳಲಿಲ್ಲ." ಅವಳು ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಕಾರ್ಡು ಕೊಡು."

"ಪುಟ್ಟಿ..."

"ಏನೂ ಮಾತಾಡಬೇಡ ಮಾವ. ಅವಳು ಕೇಳಿದ ಮೇಲೆ ನಾನು ಹ್ಯಾಗೆ ಇಲ್ಲ ಅನ್ನಲಿ? ಕರಾರೂ ಇಲ್ಲ, ಏನೂ ಇಲ್ಲ. ತೂತು ಹಾಕು, ಹೋಗು. ಆದ್ರೆ ಒಂದು ಮಾತು. ನೀನು ಗೆದ್ದೆ ಅಂದ್ಕೋಬೇಡ."

ಕಟಕ್. ಕಾಗದದ ಚುಕ್ಕಿ ಪ್ಲಾಸ್ಟರಿನ ಧೂಳಿನ ಮೇಲೆ ಬಿತ್ತು. ಪುಟ್ಟಿ ಅದರ ಕಡೆ ನೋಡದೆ ತಿರುಗಿ ಬಟ್ಟಲುಗಳ ನೀರು ಬದಲಾಯಿಸತೊಡಗಿದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಅಳುತ್ತಿದೆಯೆಂದು ಮಾವನಿಗೆ ಗೊತ್ತಾಯಿತು. ಇವಳು ಚಿಕ್ಕಂದಿನಿಂದ ಅಳುತ್ತಿದ್ದದ್ದೇ ಹಾಗೆ. ಬಗ್ಗಿ ಚುಕ್ಕಿಯನ್ನು ಎತ್ತಿಕೊಂಡು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದರು.

ಬಂದ ಕೆಲಸ ಆಯಿತು. ಐವತ್ತು ಕಾರ್ಡು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಮನೆಗೆ ಬಸ್ಸು ಹಿಡಿದರು. ಕಿಟಕಿ ಪಕ್ಕದ ಸೀಟು. ಬಸ್ಸು ಆಸ್ಪತ್ರೆಯ ತಿರುವು ದಾಟುವಾಗ ಒಬ್ಬ ಆಯಾ ಗಂಟೆ ಎಳೆದಳು, ಬಸ್ಸು ನಿಂತಿತು, ಅವಳು ಇಳಿದು ಹೋದಳು. ಇದರಲ್ಲಿ ಏನು ವಿಶೇಷ? ಯಾರಿಗೂ ಏನೂ ಇಲ್ಲ. ಮಾವನಿಗೆ ಮಾತ್ರ ಮೈ ಜುಮ್ಮೆಂದಿತು.

ಅವರು ಕೆಲಸಕ್ಕೆ ಸೇರಿದಾಗ ಆ ತಿರುವಿನಲ್ಲಿ ನಿಲ್ದಾಣ ಇರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಆದರೂ ತಮ್ಮ ಅಕ್ಕ, ಪುಟ್ಟಿಯ ತಾಯಿ, ಬಸ್ಸಿನಲ್ಲಿದ್ದಾಗ ಅವರು ಗಂಟೆ ಎಳೆದುಬಿಡುತ್ತಿದ್ದರು. ಡ್ರೈವರು ಕಾಣದವನಂತೆ ನಿಲ್ಲಿಸುತ್ತಿದ್ದ. ಅಕ್ಕ ಮತ್ತು ಅವಳ ಜೊತೆಯ ಆಯಾಗಳು ಇಳಿಯುತ್ತಿದ್ದರು. ಒಂದು ದಿನ ಕಂಪನಿಯವರು ಅಲ್ಲಿ ಬೋರ್ಡು ನೆಟ್ಟರು: 'ಇಲ್ಲಿ ನಿಲ್ಲಿಸಕೂಡದು.' ಅಂದಿನಿಂದ ಅಕ್ಕ ಮುಂದಿನ ನಿಲ್ದಾಣದಲ್ಲಿ ಇಳಿದು ಒಂದು ಮೈಲಿ ವಾಪಸು ನಡೆಯಬೇಕಾಯಿತು, ಮೊಣಕಾಲು ಹಿಡಿದುಕೊಂಡು. ಮಾವ ಬದುಕಿನಲ್ಲಿ ಆಡಿದ ಮೊದಲ ಜಗಳ ಅದು. ಅದರಿಂದಲೇ ಸಂಘ ಹುಟ್ಟಿತು. ಸಂಘದವರು ಹದಿನಾರು ಬೇಡಿಕೆ ಬರೆದಾಗ ಇವರು ಅಂದದ್ದು ಒಂದೇ ಮಾತು: "ಸ್ಟಾಪು ಕೊಡದಿದ್ರೆ ಬೇಡ, ಮೊದಲು ಆ ಬೋರ್ಡು ಕೀಳಿ. ಗಂಟೆ ನಮ್ಮ ಕೈಲಿದೆ." ಬೋರ್ಡು ಹೋಯಿತು. ನಿಲ್ದಾಣ ಬಂದದ್ದು ಎರಡು ವರ್ಷದ ಮೇಲೆ.

ಬೋರ್ಡು ಹಾಕಿದೀರಲ್ಲ, ಎಂದಿದ್ದಳು ಪುಟ್ಟಿ. ನಾಲ್ಕು ನಿಮಿಷ ಬಾಯಿ ಮುಚ್ಚಿಸಿಕೊಂಡು ಕೇಳಿದರೂ ತಮ್ಮ ತಲೆಗೆ ಹೋಗಿರಲಿಲ್ಲ.

"ಇಳಿಯಲ್ವಾ ತಾತ? ಕೊನೇ ಸ್ಟಾಪು," ಎಂದು ಕಂಡಕ್ಟರ್ ಹುಡುಗಿ ಅವರ ಭುಜ ತಟ್ಟಿದಳು. ಮನೆ ದಾಟಿ ಆರು ನಿಲ್ದಾಣ ಆಗಿತ್ತು. ಕಂಡಕ್ಟರ್ ಮಾವ ಬಸ್ಸಿನಲ್ಲಿ ಸ್ಟಾಪು ಮರೆತದ್ದು ಅದೇ ಮೊದಲು.

ಮರುದಿನ ಹತ್ತು ಗಂಟೆಗೆ ಪಕ್ಷದ ಕೋಣೆ ಕಿಕ್ಕಿರಿದಿತ್ತು. ಉದ್ದನೆಯ ಮೇಜಿನ ತುದಿಯಲ್ಲಿ ನಾಯಕಿ. ಹಿಂದೆ ಶಾಲೆಯ ಟೀಚರಾಗಿದ್ದವರು. ಇವತ್ತಿಗೂ ಕಿವಿಯ ಮೇಲೆ ಪೆನ್ಸಿಲು. ಪಕ್ಕದಲ್ಲಿ ಮೂವತ್ತೆರಡು ಹಲ್ಲಿನ ಆರೋಗ್ಯ ಸಚಿವರು. ಪುಟ್ಟಿ ಗೋಡೆ ಪಕ್ಕ, ಯಾರ ಮುಖವನ್ನೂ ನೋಡದೆ ಕೂತಿದ್ದಳು.

ಪದ್ಧತಿಯಂತೆ ಮಾವ ಎದ್ದು ಕಾರ್ಡುಗಳನ್ನು ಮೇಜಿನ ಮೇಲಿಟ್ಟರು. "ಐವತ್ತು."

ನಾಯಕಿ ನಿಟ್ಟುಸಿರು ಬಿಟ್ಟು ಗೋಡೆಯ ಕಡೆ ನೋಡಿದರು. "ಒಂದು ಬಾಕಿ. ಏನಮ್ಮ, ಇನ್ನೂ ಹಠಾನಾ?"

"ಅವಳದು ನಿನ್ನೆಯೇ ಆಯ್ತು ಮೇಡಂ," ಎಂದರು ಮಾವ. "ಬಾಕಿ ಇರೋದು ನಂದು."

ಕೋಣೆಯಲ್ಲಿ ಯಾರೋ ನಕ್ಕರು, ತಮಾಷೆಯೆಂದು. ಮಾವ ನಗಲಿಲ್ಲ. ನಗು ತಾನಾಗಿ ಆರಿತು. ಪುಟ್ಟಿ ತಲೆಯೆತ್ತಿದಳು.

"ಹಲ್ಲು ಸೇರಿಸಿ ಅಂತ ನಾನು ಕೇಳ್ತಿಲ್ಲ. ಅಷ್ಟಕ್ಕೆ ಈಗ ಬಲ ಇಲ್ಲ ಅಂತೀರಿ, ಒಪ್ಪಿದೆ. ಆದ್ರೆ ಮೂರನೇ ಪಟ್ಟಿಯ ಕೊನೇ ಸಾಲು ತೆಗೀರಿ. 'ಹೊರತುಪಡಿಸಿ' ಅನ್ನೋ ಸಾಲು. ಅದಿದ್ರೆ ಮುಂದೆ ಯಾರೇ ಬಂದ್ರೂ ಗಂಟೆ ಎಳೆಯೋ ಹಾಗಿಲ್ಲ; ಮತ್ತೆ ಹೊಸ ಮಸೂದೆ, ಮತ್ತೆ ಹತ್ತು ವರ್ಷ. ಅದಿಲ್ದಿದ್ರೆ ಆರೋಗ್ಯ ಮಂಡಳಿಯವರು ಒಂದು ಆದೇಶದಲ್ಲಿ ಸೇರಿಸಬಹುದು. ಸ್ಟಾಪು ಬೇಡ ಮೇಡಂ. ಬೋರ್ಡು ಕೀಳಿ."

"ಕಡೇ ಗಳಿಗೆಯಲ್ಲಿ ಇದೇನ್ರೀ!" ಆರೋಗ್ಯ ಸಚಿವರು ಅರ್ಧ ಎದ್ದರು. "ಸಚೇತಕರೇ ಹೀಗಂದ್ರೆ? ನಿಯಮ ಗೊತ್ತಲ್ವಾ? ನಿಮ್ಮನ್ನ ಪಕ್ಷದಿಂದ ತೆಗೀಬೇಕಾಗುತ್ತೆ. ಆ ಪತ್ರಕ್ಕೆ ಸಹಿ ಯಾರು ಹಾಕೋದು?"

"ನಾನೇ. ನನ್ನ ಕೆಲಸ ಅಲ್ವಾ?" ಮಾವ ಎಡಜೇಬಿನಿಂದ ಪತ್ರ ತೆಗೆದು ಬಿಚ್ಚಿ ಮೇಜಿನ ಮೇಲೆ ಸವರಿದರು. ಖಾಲಿ ಜಾಗದಲ್ಲಿ ಅವರದೇ ಹೆಸರು, ಕೆಳಗೆ ಅವರದೇ ಸಹಿ, ದುಂಡು ಅಕ್ಷರದಲ್ಲಿ. "ರಾತ್ರಿ ತುಂಬಿದೆ. ಬೇರೆ ಹೆಸರು ಬರೆಯೋಕೆ ಇಟ್ಟಿದ್ದು, ಕೈ ಕೇಳಲಿಲ್ಲ."

ಪುಟ್ಟಿ ಪತ್ರವನ್ನು ನೋಡಿದಳು. ಖಾಲಿ ಜಾಗ ಯಾರ ಹೆಸರಿಗೆ ಕಾದಿತ್ತೆಂದು ಅವಳಿಗೆ ಆಗ ತಿಳಿಯಿತು.

ನಾಯಕಿ ಕನ್ನಡಕ ತೆಗೆದರು. "ಕಂಡಕ್ಟರೇ, ನಿಜ ಹೇಳಿ. ನಾನು ಆಗಲ್ಲ ಅಂದ್ರೆ, ನೀವು ಸಭೆಯಲ್ಲಿ ಎದ್ದು ನಿಂತು ಮಸೂದೆ ಬೀಳಿಸ್ತೀರಾ?"

ಮಾವ ತಡವರಿಸಿದರು. ಸೆಟ್ಟು ಗಟ್ಟಿಯಾಗಿಯೇ ಇತ್ತು, ತಡವರಿಸಿದ್ದು ಅವರೇ. "ಗೊತ್ತಿಲ್ಲ ಮೇಡಂ. ಸುಳ್ಳು ಹೇಳಲಾರೆ. ಇಷ್ಟು ವರ್ಷ ಎಲ್ಲರ ಮನಸ್ಸೂ ಎಣಿಸಿದೀನಿ. ನಂದು ಎಣಿಸೋಕೆ ಹೋದ್ರೆ ಲೆಕ್ಕ ತಪ್ಪುತ್ತೆ. ಅದಕ್ಕೇ ತೂತು ಹಾಕಿಲ್ಲ."

ನಾಯಕಿ ಕಾನೂನು ಗುಮಾಸ್ತರನ್ನು ಕರೆದು ಕಿವಿಯಲ್ಲಿ ಏನೋ ಕೇಳಿದರು. ಅವರು ಹೌದೆಂದು ತಲೆಯಾಡಿಸಿದರು. ಆರೋಗ್ಯ ಸಚಿವರು ಏನೋ ಹೇಳಹೋದರು. "ನೀವು ಸ್ವಲ್ಪ ಹಲ್ಲು ಕಚ್ಚಿಕೊಂಡು ಕೂತ್ಕೊಳ್ಳಿ," ಎಂದರು ನಾಯಕಿ. "ನಿಮಗಿದೆಯಲ್ಲ." ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮೂರನೇ ಪಟ್ಟಿಯ ಕೊನೇ ಸಾಲಿನ ಮೇಲೆ, ತಪ್ಪು ಲೆಕ್ಕಕ್ಕೆ ಎಳೆಯುವ ಹಾಗೆ, ಒಂದು ಗೆರೆ ಎಳೆದರು. "ಸರ್ಕಾರದ ತಿದ್ದುಪಡಿ ಅಂತ ಸಭೆಯಲ್ಲಿ ನಾನೇ ಓದ್ತೀನಿ. ಹೂಂ, ಕಾರ್ಡು."

ಮಾವ ಪಂಚು ತೆಗೆದರು. ಎರಡು ಸಲ ಒತ್ತಿದರೂ ರಟ್ಟು ಪಂಚಿನ ಬಾಯಿಗೆ ಸಿಗಲಿಲ್ಲ. ಗೋಡೆಯ ಪಕ್ಕದಿಂದ ಪುಟ್ಟಿ ಎದ್ದು ಬಂದು, "ಕೊಡು ಇಲ್ಲಿ ಮಾವ," ಎಂದು ಪಂಚು ಕಿತ್ತುಕೊಂಡಳು. ಸಭೆಯ ಕಟ್ಟಡದಲ್ಲಿ ಅವಳು 'ಕೊಡು' ಎಂದದ್ದು ಅದೇ ಮೊದಲು. ಯಾರೂ ಗಮನಿಸಲಿಲ್ಲ. ಮಾವ ಗಮನಿಸಿದರು.

ಕಟಕ್.

ಮಸೂದೆ ಐವತ್ತೊಂದಕ್ಕೆ ಐವತ್ತರಂತೆ ಪಾಸಾಯಿತು. ಮಾವ ತಮ್ಮ ಕೊನೆಯ ಮಾತನ್ನು ಆರು ನಿಮಿಷ ಆಡಿದರು. ಒಂದು ಅಕ್ಷರವೂ ಜಾರಲಿಲ್ಲ. ಉಚ್ಚಾಟನೆಯ ಪತ್ರವನ್ನು ನಾಯಕಿ ಪೆನ್ಸಿಲು ಹೆರೆದ ಸಿಪ್ಪೆ ಕಟ್ಟುವುದಕ್ಕೆ ಬಳಸಿಕೊಂಡರೆಂದು ಆಮೇಲೆ ಸುದ್ದಿ.

ಮಧ್ಯಾಹ್ನ ಇಬ್ಬರೂ ಕಾರ್ಯಾಗಾರಕ್ಕೆ ಬಂದಾಗ ಲಾಂಡ್ರಿ ಅಕ್ಕ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದಳು.

"ರಕ್ತದ್ದು ಆಯ್ತಂತೆ, ರೇಡಿಯೋದಲ್ಲಿ ಬಂತು," ಎಂದಳು. ಕಣ್ಣು ಒದ್ದೆಯಾಗಿತ್ತು. "ಹಲ್ಲು?"

"ಸೇರಿಸಿಲ್ಲ ಅಕ್ಕ," ಎಂದಳು ಪುಟ್ಟಿ. "ಸೇರಿಸಬಾರದು ಅನ್ನೋ ಸಾಲು ಇತ್ತಲ್ಲ, ಅದನ್ನ ಮಾತ್ರ ತೆಗೆಸಿದ್ವಿ."

"ಅಷ್ಟೇನಾ?"

"ಅಷ್ಟೇ."

"ಇಷ್ಟಕ್ಕೆ ಐವತ್ತೊಂದು ಜನ ಬೇಕಾಯ್ತಾ?"

"ಐವತ್ತೊಂದೂ ಬೇಕಾಯ್ತಮ್ಮ," ಎಂದರು ಮಾವ. "ಮಂಗಳವಾರದಿಂದ ನಾನೂ ಇವಳೂ ಆರೋಗ್ಯ ಮಂಡಳಿಯ ಬಾಗಿಲಲ್ಲಿ ಕೂತ್ಕೋತೀವಿ. ದಿನಾ. ಗಂಟೆ ಎಳೆಯೋದು ನನಗೆ ಹಳೇ ಅಭ್ಯಾಸ."

"ಎಷ್ಟು ದಿನ ಆಗಬಹುದು ಸಾಹೇಬ್ರೇ?"

"ಕಳೆದ ಸಲ ಎರಡು ವರ್ಷ ಆಗಿತ್ತು."

ಲಾಂಡ್ರಿ ಅಕ್ಕ ಯೋಚಿಸಿದಳು. "ಹನ್ನೊಂದರ ಮುಂದೆ ಎರಡು ಏನು ಮಹಾ," ಎಂದಳು. "ಅಲ್ಲೀ ತನಕ ನನ್ನ ಮೇಣ ಸೊಟ್ಟಗಾಗದ ಹಾಗೆ ನೋಡ್ಕೊಳ್ಳಿ ಮತ್ತೆ."

ಒಳಗೆ ಬಂದು, ಬಟ್ಟಲುಗಳ ನೀರು ಬದಲಾಯಿಸಲು ಪುಟ್ಟಿ ಕೊಡಕ್ಕೆ ಕೈ ಹಾಕಿದಳು. ಅವಳ ಹೆಬ್ಬೆರಳ ಉಗುರಿನ ಮೇಲೆ ಕಾಗದದ ಒಂದು ಚುಕ್ಕಿ ಅಂಟಿತ್ತು. ಮಾವ ಕೊಡವನ್ನು ಅವಳಿಂದ ತೆಗೆದುಕೊಂಡು, ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ತೋಳು ಮಡಿಸಿ, ಒಂದನೆಯ ಬಟ್ಟಲಿನ ಹಳೆ ನೀರು ಚೆಲ್ಲಿದರು.